ಅಳಿಯನಿಗೊಂದು ಪತ್ರ: ಸಂಘ ಬಿಡಬೇಡ, ಗಣಿತವನ್ನೂ ಬಿಡಬೇಡ

ಪ್ರೀತಿಯ ಅಳಿಯನಿಗೆ,

ಅಸ್ಸಲಾಮು ಅಲೈಕುಮ್. ವಿಜಯಪುರದಲ್ಲಿ ನಾವೆಲ್ಲ ಆರಾಮ. ಬೆಳಗಾವಿಯಲ್ಲಿ ನೀನೂ ಆರಾಮ ಇದ್ದೀಯ ಅಂದುಕೊಂಡಿದ್ದೇನೆ.

ನಿನ್ನೆ ರಾತ್ರಿ ಇಶಾ ನಮಾಜು ಆದಮೇಲೆ ಅಕ್ಕ, ಅಂದರೆ ನಿನ್ನ ಅಮ್ಮ, ಫೋನ್ ಮಾಡಿದ್ದಳು. ಮೊದಲನೇ ಇಂಟರ್ನಲ್ಸ್‌ನಲ್ಲಿ ಗಣಿತಕ್ಕೆ 25ಕ್ಕೆ 7 ಬಂದಿದೆ ಅಂತ ನೀನೇ ಅವಳಿಗೆ ಹೇಳಿದ್ದೀಯಂತೆ. ಮುಚ್ಚಿಡದೆ ಹೇಳಿದೆಯಲ್ಲ, ಅದು ನನಗೆ ಬಹಳ ಹಿಡಿಸಿತು. ಅವಳು ಅಳಲಿಲ್ಲ, ಬೈಯಲೂ ಇಲ್ಲ. "ನೀನು ಹೇಳಿದರೆ ಕೇಳ್ತಾನ, ಇವನನ್ನ ಆ ಸಂಘದಿಂದ ಬಿಡಿಸು" ಅಂದಳು ಅಷ್ಟೇ. ನಾನು ಹೂಂ ಅನ್ನಲಿಲ್ಲ. ಮೊದಲು ಅವನ ಜೊತೆ ಮಾತಾಡ್ತೀನಿ ಅಂದೆ. ಫೋನಿನಲ್ಲಾದರೆ ನೀನು "ಸರಿ ಮಾಮಾ, ಸರಿ ಮಾಮಾ" ಅಂತ ಮುಗಿಸಿಬಿಡ್ತೀಯ, ಅದಕ್ಕೇ ಬರೆಯುತ್ತಿದ್ದೇನೆ.

ಮೊದಲೇ ಹೇಳಿಬಿಡ್ತೀನಿ, ಮುಸ್ಲಿಂ ವಿದ್ಯಾರ್ಥಿ ಸಂಘ ಬಿಡು ಅಂತ ನಾನು ಹೇಳುವುದಿಲ್ಲ. ಹೋದ ವರ್ಷ ನೀನು ಅಲ್ಲಿಗೆ ಹೋದಾಗ ಹಾಸ್ಟೆಲ್ ಮೆಸ್ಸಿನಲ್ಲಿ ಒಬ್ಬನೇ ಕೂತು ಉಣ್ಣುತ್ತಿದ್ದೆ, ವಾರಕ್ಕೆರಡು ಸಲ ಊರಿಗೆ ಬರ್ತೀನಿ ಅಂತಿದ್ದೆ. ಆಗ ನಿನಗೆ ಶುಕ್ರವಾರದ ಜುಮ್ಮಾ ನಮಾಜಿಗೆ ಯಾವ ಮಸೀದಿಗೆ ಹೋದರೆ ಬೇಗ ವಾಪಸ್ ಬರಬಹುದು ಅಂತ ತೋರಿಸಿದವರು, ಜ್ವರ ಬಂದಾಗ ದವಾಖಾನೆಗೆ ಕರೆದುಕೊಂಡು ಹೋದವರು, ಅಲ್ಪಸಂಖ್ಯಾತರ ನಿಗಮ ಓದಿಗೆ ಕೊಡುವ ಅರಿವು ಸಾಲದ ಅರ್ಜಿಯಲ್ಲಿ ಒಂದು ಕಾಗದ ಕಡಿಮೆ ಬಿದ್ದಾಗ ನಿನ್ನ ಜೊತೆ ಕಚೇರಿಗೆ ಓಡಾಡಿದವರು ಆ ಸಂಘದ ಹುಡುಗರೇ. ಅದನ್ನ ನಾನು ಮರೆತಿಲ್ಲ, ನೀನೂ ಮರೆಯಬಾರದು. ಈಗ ನೀನು ಜೂನಿಯರ್‌ಗಳಿಗೆ ಅದನ್ನೇ ಮಾಡುತ್ತಿದ್ದೀಯ. ಒಳ್ಳೆಯ ಕೆಲಸ ಅದು.

ಆದರೆ ದಸರಾ ರಜೆಯಲ್ಲಿ ನೀನು ಬಂದಾಗ ನಾನು ಒಂದು ನೋಡಿದೆ. ಅಂದು ಹೇಳಲಿಲ್ಲ, ಇಂದು ಹೇಳ್ತೀನಿ. ನೀನು ಅಸರ್ ನಮಾಜಿಗೆ ಹೋಗಿದ್ದೆ. ನಿನ್ನ ಗಣಿತದ ನೋಟ್‌ಬುಕ್ ಮಂಚದ ಮೇಲಿತ್ತು. ಗಣಿತದ ಮೇಷ್ಟ್ರು ನಾನು, ಕೈ ಸುಮ್ನೆ ಇರಲಿಲ್ಲ, ತೆಗೆದೆ. ಮುಂದಿನ ಕಡೆಯಿಂದ ಆರು ಪುಟ ಫೊರಿಯರ್ ಸರಣಿ. ಆರನೇ ಪುಟದಲ್ಲಿ ಒಂದು ಲೆಕ್ಕ ಅರ್ಧಕ್ಕೆ ನಿಂತಿದೆ, ಸರಣಿಯ ಗುಣಾಂಕಗಳಲ್ಲಿ a0 ತೆಗೆದಿದ್ದೀಯ, an ಬಂದಲ್ಲಿ ಪೆನ್ನು ಎತ್ತಿದ್ದೀಯ. ಹಿಂದಿನ ಕಡೆಯಿಂದ ತಿರುಗಿಸಿದರೆ ಇಪ್ಪತ್ತು ಪುಟ ತುಂಬಿದೆ. ಸೀರತ್ (ಪ್ರವಾದಿಯವರ ಜೀವನದ) ಕಾರ್ಯಕ್ರಮಕ್ಕೆ ಕುರ್ಚಿ 150, ಶಾಮಿಯಾನ, ಮೈಕ್ ಬಾಡಿಗೆ, ಸಮೋಸ 250, ಚಂದಾ ಕೊಟ್ಟವರ ಹೆಸರು, ಕೊಡಬೇಕಾದವರ ಹೆಸರು. ಅಕ್ಷರ ಎಷ್ಟು ಚೆಂದ, ಒಂದು ಕೂಡುವ ಲೆಕ್ಕವೂ ತಪ್ಪಿಲ್ಲ. ಇಷ್ಟು ಅಚ್ಚುಕಟ್ಟಾಗಿ ಲೆಕ್ಕ ಇಡುವ ಹುಡುಗನಿಗೆ an ತೆಗೆಯಲು ಬರಲ್ಲ ಅಂದರೆ ನಾನು ನಂಬಲ್ಲ ತಮ್ಮಾ.

ನನಗೆ ಅನಿಸಿದ್ದು ಇಷ್ಟು. ನಿನಗೆ ಟೈಮ್ ಇಲ್ಲ ಅನ್ನುವುದು ಅರ್ಧ ನಿಜ. ಆ ಲೆಕ್ಕ ಕಠಿಣ ಅನಿಸಿತು, ಒಳಗೆ ಭಯ ಹುಟ್ಟಿತು, ಅದೇ ಹೊತ್ತಿಗೆ ಗ್ರೂಪಿನಲ್ಲಿ ಮೆಸೇಜ್ ಬಂತು, ಶಾಮಿಯಾನದವನ ಹತ್ತಿರ ಯಾರು ಹೋಗ್ತೀರಿ ಅಂತ. ನೀನು ಎದ್ದು ಹೋದೆ. ಅಲ್ಲಿ ಕೆಲಸ ಆಗುತ್ತೆ, ಜನ ಶಹಬ್ಬಾಸ್ ಅಂತಾರೆ, ರಾತ್ರಿ ಮಲಗುವಾಗ ಏನೋ ಮಾಡಿದೆ ಅನ್ನಿಸುತ್ತೆ. ಇಲ್ಲಿ an ಹಾಗೇ ಇರುತ್ತೆ. ಇಡೀ ದಿನ ಬೀದಿ ಅಲೆದವನಿಗೆ ತಾನು ಸೋಮಾರಿ ಅಂತ ಗೊತ್ತಾಗುತ್ತೆ. ಒಳ್ಳೆಯ ಕೆಲಸದ ಹಿಂದೆ ಅಡಗಿದವನಿಗೆ ತಾನು ಅಡಗಿದ್ದೇನೆ ಅಂತಲೇ ಗೊತ್ತಾಗಲ್ಲ. ಅದೇ ಅಪಾಯ.

ನಾನು ಅಡಗಿದ್ದೆ, ಅದಕ್ಕೇ ಗೊತ್ತು. ಇದನ್ನ ನಿನ್ನ ಅಮ್ಮನ ಬಿಟ್ಟು ಮನೆಯಲ್ಲಿ ಯಾರಿಗೂ ಪೂರ್ತಿ ಹೇಳಿಲ್ಲ. 1996, ಬಿ.ಎಸ್ಸಿ ಕೊನೆಯ ವರ್ಷ. ಆಗ ನಮ್ಮೂರು ಬಿಜಾಪುರ, ನಮ್ಮ ಪರೀಕ್ಷೆಯೆಲ್ಲ ಧಾರವಾಡದ ಕರ್ನಾಟಕ ವಿಶ್ವವಿದ್ಯಾಲಯದ್ದು. ನಾನು ಕಾಲೇಜಿನ ಹುಡುಗರ ಒಂದು ಸಂಘಕ್ಕೆ ಕಾರ್ಯದರ್ಶಿ. ಪರೀಕ್ಷೆಗೆ ಐದು ವಾರ ಇರುವಾಗ ಮೂರು ದಿನದ ಕಾರ್ಯಕ್ರಮ ಹಮ್ಮಿಕೊಂಡೆವು. ಮೂರು ದಿನ ಅಂತ ಹೆಸರಿಗೆ, ಅದರ ಹಿಂದೆ ಮುಂದೆ ಸೇರಿ ಒಂದು ತಿಂಗಳು ಹೋಯಿತು. ಕಾರ್ಯಕ್ರಮ ಬಹಳ ಚೆನ್ನಾಗಿ ಆಯಿತು, ಹಿರಿಯರು ತಲೆ ಸವರಿದರು. ಎರಡು ಪೇಪರ್ ಹೋದವು. ಗಣಿತ ಒಂದು, ಭೌತಶಾಸ್ತ್ರ ಒಂದು. ನೋಟಿಸ್ ಬೋರ್ಡಿನಲ್ಲಿ ನನ್ನ ನಂಬರ್ ಇರಲಿಲ್ಲ, ಮೂರು ಸಲ ಬೆರಳಿಟ್ಟು ಹುಡುಕಿದೆ. ಅಲ್ಲಿಂದ ನಡೆದುಕೊಂಡು ಬಾರಾಕಮಾನಿಗೆ ಹೋಗಿ ಹುಲ್ಲಿನ ಮೇಲೆ ಕೂತೆ. ಕಮಾನುಗಳೆಲ್ಲ ಎದ್ದು ನಿಂತಿವೆ, ಮೇಲೆ ಗುಮ್ಮಟವೇ ಇಲ್ಲ, ತನ್ನ ಗೋರಿಗೆಂದು ಅದನ್ನ ಕಟ್ಟಿಸುತ್ತಿದ್ದ ಸುಲ್ತಾನ ಎರಡನೇ ಅಲಿ ಆದಿಲ್ ಶಾಹ 1672ರಲ್ಲಿ ತೀರಿಕೊಂಡ, ಕೆಲಸ ಅಲ್ಲಿಗೇ ನಿಂತಿತು. ಮಗ್ರಿಬ್ ಅಜಾನ್ ಆಗುವವರೆಗೆ ಅದನ್ನೇ ನೋಡುತ್ತ ಕೂತಿದ್ದೆ. ಆ ವರ್ಷ ಎಂ.ಎಸ್ಸಿ ಸೀಟು ಹೋಯಿತು. ಮುಂದಿನ ವರ್ಷ ಅರ್ಜಿ ಹಾಕುವ ಹೊತ್ತಿಗೆ ಅಪ್ಪನಿಗೆ ಹುಷಾರಿರಲಿಲ್ಲ, ದುಡಿಯಲೇಬೇಕಾಯಿತು. ಎಂ.ಎಸ್ಸಿ ನಾನು ಮುಗಿಸಿದ್ದು ಮೂವತ್ತೊಂದನೇ ವಯಸ್ಸಿಗೆ, ನೌಕರಿ ಮಾಡುತ್ತ.

ಇನ್ನೊಂದು ಮಾತು ಕೇಳು. ನಾನು ಫೇಲಾದ ಮರುವರ್ಷ ಸಂಘಕ್ಕೆ ಬೇರೆ ಕಾರ್ಯದರ್ಶಿ ಬಂದ. ಕಾರ್ಯಕ್ರಮ ಆಯಿತು, ನಾನು ಮಾಡಿದ್ದಕ್ಕಿಂತ ಚೆನ್ನಾಗಿಯೇ ಆಯಿತು. ನಾನಿಲ್ಲದಿದ್ದರೆ ನಡೆಯಲ್ಲ ಅಂದುಕೊಂಡಿದ್ದೆ. ನಡೆಯಿತು. ಆದರೆ ನನ್ನ ಪೇಪರನ್ನು ನನ್ನ ಬದಲಿಗೆ ಬರೆಯಲು ಯಾರೂ ಇರಲಿಲ್ಲ.

ಈಗ ನಿನ್ನ ಲೆಕ್ಕಕ್ಕೆ ಬರೋಣ. ನಿನ್ನ ಇಂಜಿನಿಯರಿಂಗ್ ವಿಶ್ವವಿದ್ಯಾಲಯ ವಿಟಿಯುದಲ್ಲಿ ಒಂದು ವಿಷಯಕ್ಕೆ 50 ಅಂಕ ಕಾಲೇಜಿನ ಕೈಯಲ್ಲಿ, 50 ಸೆಮಿಸ್ಟರ್ ಪರೀಕ್ಷೆಗೆ. ಕಾಲೇಜಿನ 50ರಲ್ಲಿ 20 ಬರದಿದ್ದರೆ ಪರೀಕ್ಷೆಗೆ ಕೂರಲಿಕ್ಕೇ ಬಿಡಲ್ಲ. ಅಂದರೆ ಡಿಸೆಂಬರ್‌ನಲ್ಲಿ ರಾತ್ರಿ ಹಗಲು ಓದ್ತೀನಿ ಅನ್ನುವ ಆಟ ಇಲ್ಲಿ ನಡೆಯಲ್ಲ, ಎರಡನೇ ಟೆಸ್ಟ್ ಮತ್ತು ಅಸೈನ್‌ಮೆಂಟ್‌ಗಳಲ್ಲೇ ನೀನು ಎದ್ದು ಬರಬೇಕು. ಹಾಜರಾತಿ 85 ಪರ್ಸೆಂಟ್ ಬೇಕು. 40 ಕ್ಲಾಸ್ ಇರುವ ವಿಷಯದಲ್ಲಿ 6 ಕ್ಲಾಸ್ ತಪ್ಪಿಸಬಹುದು, ಏಳನೆಯದಕ್ಕೆ ಗಂಟಲಿಗೆ ಬರುತ್ತೆ. ಆ ಆರನ್ನೂ ಜ್ವರಕ್ಕೆ, ಮನೆಯ ಅಡಚಣೆಗೆ ಇಟ್ಟುಕೋ, ಶಾಮಿಯಾನಕ್ಕೆ ಖರ್ಚು ಮಾಡಬೇಡ. ಪ್ರಶ್ನೆಪತ್ರಿಕೆ ನೋಡಿದ್ದೀಯಲ್ಲ, ಐದು ಮಾಡ್ಯೂಲ್, ಒಂದೊಂದರಿಂದ ಎರಡು ಪ್ರಶ್ನೆ ಕೊಟ್ಟು ಒಂದು ಬರೆ ಅಂತಾರೆ, ಒಂದಕ್ಕೆ 20 ಅಂಕ, ಒಟ್ಟು 100ಕ್ಕೆ ಬರೆಸಿ 50ಕ್ಕೆ ಇಳಿಸ್ತಾರೆ. ಮೊದಲನೇ ಮಾಡ್ಯೂಲ್ ಬಿಟ್ಟರೆ ಪರೀಕ್ಷಾ ಹಾಲ್‌ಗೆ ಕಾಲಿಡುವ ಮೊದಲೇ ಆ 100ರಲ್ಲಿ 20 ಹೋಯಿತು. ಮೇಲಾಗಿ ಅರಿವು ಸಾಲ ಪ್ರತಿ ವರ್ಷ ರಿನ್ಯೂವಲ್ ಮಾಡಿಸುವಾಗ ಹಿಂದಿನ ವರ್ಷದ ಅಂಕಪಟ್ಟಿ ಕೇಳುತ್ತಾರೆ. ಅದು ಸಾಲ, ತೀರಿಸಬೇಕಾದದ್ದು, ಅದೂ ತಲೆಯಲ್ಲಿರಲಿ.

ಸಂಘದಲ್ಲಿ ಯಾರೋ ಹಿರಿಯ ಹುಡುಗ "ಓದು ದುನಿಯಾದ ಕೆಲಸ, ಇದು ದೀನಿನ, ಧರ್ಮದ ಕೆಲಸ" ಅಂದ ಅಂತ ನೀನು ಹೇಳಿದ್ದೆ. ಅವನ ಮನಸ್ಸು ಒಳ್ಳೆಯದೇ ಇರಬಹುದು, ಆದರೆ ನಾನು ಆ ಮಾತು ಒಪ್ಪಲ್ಲ. ಪ್ರವಾದಿಯವರ ಸಂಗಾತಿಗಳಾದ ಸಲ್ಮಾನ್ ಫಾರ್ಸಿ ಮತ್ತು ಅಬೂ ದರ್ದಾ ಅವರ ಕಥೆ ಬುಖಾರಿ ಹದೀಸ್ ಸಂಗ್ರಹದಲ್ಲಿದೆ, ನಿನಗೂ ಗೊತ್ತಿರಬೇಕು. ಅಬೂ ದರ್ದಾ ಹಗಲೆಲ್ಲ ಉಪವಾಸ, ರಾತ್ರಿಯೆಲ್ಲ ನಮಾಜು. ಸಲ್ಮಾನ್ ಮನೆಗೆ ಬಂದವರು ಅಬೂ ದರ್ದಾ ಅವರ ಹೆಂಡತಿಯ ಅವಸ್ಥೆ ನೋಡಿ ಅಬೂ ದರ್ದಾರನ್ನು ಊಟಕ್ಕೆ ಕೂರಿಸಿದರು, ರಾತ್ರಿ ಎದ್ದರೆ ಮಲಗು ಅಂದರು, ಕೊನೆಯ ಜಾವಕ್ಕೆ ಇಬ್ಬರೂ ಎದ್ದು ನಮಾಜು ಮಾಡಿದರು. ಆಮೇಲೆ ಸಲ್ಮಾನ್ ಹೇಳಿದರು: ನಿನ್ನ ರಬ್‌ನ, ದೇವರ ಹಕ್ಕು ನಿನ್ನ ಮೇಲಿದೆ, ನಿನ್ನ ಜೀವದ ಹಕ್ಕೂ ಇದೆ, ನಿನ್ನ ಮನೆಯವರ ಹಕ್ಕೂ ಇದೆ, ಯಾರ ಹಕ್ಕು ಯಾರದೋ ಅವರಿಗೆ ಕೊಡು. ಪ್ರವಾದಿಯವರಿಗೆ ಈ ಸುದ್ದಿ ಹೋದಾಗ ಸಲ್ಮಾನ್ ಹೇಳಿದ್ದು ನಿಜ ಅಂದರು. ಇಬಾದತ್ತಿನ, ಆರಾಧನೆಯ ವಿಷಯದಲ್ಲೇ ಹೀಗಿದ್ದರೆ ಸಮೋಸ ಎಣಿಸುವ ಕೆಲಸದ ಮಾತೇನು?

ನಿನ್ನ ಮೇಲೆ ಯಾರ ಹಕ್ಕಿದೆ ಅಂತ ನೋಡಬೇಕಾದರೆ ಮುಂದಿನ ಸಲ ಬಂದಾಗ ನಿನ್ನ ಅಪ್ಪನ ಅಂಗಡಿಯಲ್ಲಿ ಒಂದು ತಾಸು ಕೂತಿರು, ಮೊಬೈಲ್ ಇಲ್ಲದೆ. ನಾವು ನದಾಫರು, ಹತ್ತಿ ಹಿಂಜುವುದು ನಮ್ಮ ಹಿರಿಯರಿಂದ ಬಂದದ್ದು. ಭಾವನ ಹುಬ್ಬು, ಕಿವಿಯ ಕೂದಲು ಎಲ್ಲ ಹತ್ತಿಯ ದೂಳಿನಿಂದ ಬೆಳ್ಳಗಾಗಿರುತ್ತೆ. ಗಾದಿ ತುಂಬಿ, ಕೋಲಿನಿಂದ ಬಡಿದು ಸಮ ಮಾಡಿ, ದಬ್ಬಣ ಹಿಡಿದು ಹೊಲಿಯುತ್ತಾರಲ್ಲ, ಆಗ ಬಲಗೈಯ ತೋರುಬೆರಳು ನೋಡು. ದಾರ ಎಳೆದು ಎಳೆದು ಒಂದು ಗೆರೆ ಬಿದ್ದುಬಿಟ್ಟಿದೆ, ಅದು ಈಗ ಹೋಗುವುದಿಲ್ಲ. ಫೋಮ್ ಗಾದಿ ಬಂದಮೇಲೆ ಆರ್ಡರ್ ಕಡಿಮೆ. ಆದರೂ ಹೋದ ತಿಂಗಳು ನಿನ್ನ ಹಾಸ್ಟೆಲ್ ಫೀ ಒಂದು ದಿನ ತಡ ಆಗಲಿಲ್ಲ.

ಇನ್ನು ಏನು ಮಾಡಬೇಕು ಅಂತ. ನೀನು ಸಂಘದಲ್ಲಿ ನಾಲ್ಕು ಕೆಲಸ ಹಿಡಿದಿದ್ದೀಯ, ಒಂದು ಇಟ್ಟುಕೋ. ಯಾವುದು ಅಂತ ನನ್ನ ಕೇಳಿದರೆ ಸ್ಕಾಲರ್‌ಶಿಪ್ ಅರ್ಜಿ ತುಂಬಿಸುವುದು. ಅದರಿಂದ ಮಕ್ಕಳ ಫೀ ಉಳಿಯುತ್ತೆ. ಆದರೆ ಅದನ್ನೂ ಮೂವತ್ತು ಜನರ ಪಕ್ಕ ನೀನೇ ಕೂತು ಮಾಡಬೇಡ. ಜಾತಿ-ಆದಾಯ ಪ್ರಮಾಣಪತ್ರದ ಆರ್‌ಡಿ ನಂಬರ್ ಎಲ್ಲಿರುತ್ತೆ, ಬ್ಯಾಂಕ್ ಖಾತೆಗೆ ಆಧಾರ್ ಸೀಡಿಂಗ್ ಆಗಿದೆಯೋ ಇಲ್ಲವೋ ಹೇಗೆ ನೋಡಬೇಕು, ಮೀಸಲಾತಿಯಲ್ಲಿ ನದಾಫರ ಮಕ್ಕಳು ಪ್ರವರ್ಗ-1 ಇದ್ದಾಗ 2ಬಿ ಅಂತ ತಪ್ಪು ತುಂಬಬಾರದು, ಇಷ್ಟನ್ನೂ ಒಂದು ಹಾಳೆಯಲ್ಲಿ ಕನ್ನಡದಲ್ಲಿ ಬರೆ. ಬುದ್ಧಿ ಇರುವ ಮೂರು ಜೂನಿಯರ್‌ಗಳನ್ನ ಒಂದು ಭಾನುವಾರ ಕೂರಿಸಿ ಕಲಿಸು. ಮುಂದಿನ ವರ್ಷ ನೀನಿಲ್ಲದೆಯೂ ಅದು ನಡೆಯಬೇಕು. ಚಂದಾ, ಶಾಮಿಯಾನ, ಊಟದ ಲೆಕ್ಕ ಬೇರೆಯವರಿಗೆ ಒಪ್ಪಿಸು, ಬಾಯಲ್ಲಿ ಅಲ್ಲ, ಆ ಇಪ್ಪತ್ತು ಪುಟ ಹರಿದು ಕೈಗೆ ಕೊಟ್ಟು, ಉಳಿದ ದುಡ್ಡು ಎಣಿಸಿ ಕೊಟ್ಟು. ದುಡ್ಡು ಅಮಾನತ್ತು, ಜನ ನಂಬಿ ಕೊಟ್ಟದ್ದು, ಅದರಲ್ಲಿ ಒಂದು ರೂಪಾಯಿ ಗೋಜಲು ಇರಬಾರದು.

ಶುಕ್ರವಾರ ಮಧ್ಯಾಹ್ನ ಲ್ಯಾಬ್ ಇದೆ, ಜುಮ್ಮಾದಿಂದ ಓಡಿ ಬಂದರೂ ತಡ ಆಗುತ್ತೆ ಅಂದಿದ್ದೆ. ತಡವಾಗಿ ಹೋಗಿ ಬೈಸಿಕೊಳ್ಳುವ ಬದಲು ನಾಳೆಯೇ ವಿಭಾಗದ ಮುಖ್ಯಸ್ಥರ (ಎಚ್‌ಒಡಿ) ಹತ್ತಿರ ಹೋಗಿ ಬ್ಯಾಚ್ ಬದಲಿಸಿಕೊಡಿ ಅಂತ ಒಂದು ಅರ್ಜಿ ಬರೆದುಕೊಡು. ಕೇಳುವುದರಲ್ಲಿ ತಪ್ಪಿಲ್ಲ. ಇದನ್ನ ಸಂಘವೇ ಎಲ್ಲ ಹುಡುಗರ ಪರವಾಗಿ ಸೆಮಿಸ್ಟರ್ ಶುರುವಿನಲ್ಲೇ ಕೇಳಿದರೆ ಇನ್ನೂ ಒಳ್ಳೆಯದು, ಮುಂದಿನ ಮೀಟಿಂಗ್‌ನಲ್ಲಿ ಹೇಳು.

ಮೀಟಿಂಗ್ ಅಂದಾಗ ನೆನಪಾಯಿತು. ಇಶಾ ಆದಮೇಲೆ ಶುರುವಾಗಿ ಹನ್ನೆರಡರವರೆಗೆ ನಡೆಯುವ ಮೀಟಿಂಗ್‌ನಿಂದ ನಸುಕಿನ ಫಜರ್ ನಮಾಜು ತಪ್ಪುತ್ತದೆ, ಬೆಳಗಿನ ಕ್ಲಾಸ್ ತಪ್ಪುತ್ತದೆ. ಮುಕ್ಕಾಲು ತಾಸು ಅಂತ ಮೊದಲೇ ಹೇಳಿಕೊಂಡು ಕೂರಿ. ಮುಗಿಯದಿದ್ದರೆ ನೀನು ಸಲಾಂ ಹೇಳಿ ಎದ್ದು ಬಾ. ಮೊದಲ ಸಲ ಮುಖ ನೋಡ್ತಾರೆ, ಎರಡನೇ ಸಲ ಇನ್ನಿಬ್ಬರು ನಿನ್ನ ಜೊತೆ ಏಳ್ತಾರೆ.

ರಂಜಾನಿನ ಮಾತು ಈಗಲೇ ಆಡಬೇಕು. ಪ್ರತಿ ವರ್ಷ ಅದು ಹತ್ತು ಹನ್ನೊಂದು ದಿನ ಹಿಂದೆ ಸರಿಯುತ್ತೆ. 2027ರಲ್ಲಿ ಫೆಬ್ರವರಿ ಎರಡನೇ ವಾರದ ಹೊತ್ತಿಗೆ, 2028ರಲ್ಲಿ ಜನವರಿ ಕೊನೆಗೆ, 2030ರಲ್ಲಂತೂ ಜನವರಿಯಲ್ಲಿ ಒಮ್ಮೆ ಡಿಸೆಂಬರ್ ಕೊನೆಗೆ ಒಮ್ಮೆ, ಒಂದೇ ವರ್ಷದಲ್ಲಿ ಎರಡು ಸಲ ಶುರುವಾಗುತ್ತೆ. ನಿಮ್ಮ ಪರೀಕ್ಷೆಗಳೂ ಅದೇ ಸುತ್ತಮುತ್ತ. ಹೋದ ಸಲ ನೀನು ಇಫ್ತಾರ್ ವ್ಯವಸ್ಥೆಗೆ ದಿನಾ ನಾಲ್ಕು ಗಂಟೆಗೆ ಹೋಗಿ, ಹಣ್ಣು ಹೆಚ್ಚಿ, ಭಜಿ ತರಿಸಿ, ತಟ್ಟೆ ತೊಳೆದು, ರಾತ್ರಿಯ ತರಾವೀಹ್ ನಮಾಜು ಮುಗಿಸಿ ಹನ್ನೊಂದಕ್ಕೆ ರೂಮಿಗೆ ಬರ್ತಿದ್ದೆ. ಉಪವಾಸ ಇರುವವರಿಗೆ ಉಣಿಸುವುದು ದೊಡ್ಡ ಪುಣ್ಯ, ಬೇಡ ಅನ್ನಲು ನಾನ್ಯಾರು. ಆದರೆ ಅಷ್ಟು ಹುಡುಗರಿದ್ದೀರಿ, ಪಾಳಿ ಹಾಕಿಕೊಳ್ಳಿ, ನಿನಗೆ ವಾರಕ್ಕೆ ಎರಡು ದಿನ ಬಂದರೆ ಸಾಕು. ಸಹರಿ ಮಾಡಿ ಫಜರ್ ಆದಮೇಲೆ ಮತ್ತೆ ಮಲಗದೆ ಕೂತರೆ ಎರಡು ತಾಸು ಸಿಗುತ್ತೆ. ಹೊಟ್ಟೆ ತುಂಬಿರುತ್ತೆ, ಹಾಸ್ಟೆಲ್ ಶಾಂತವಾಗಿರುತ್ತೆ, ಗಣಿತಕ್ಕೆ ಅದಕ್ಕಿಂತ ಒಳ್ಳೆಯ ಹೊತ್ತು ನನಗೆ ಗೊತ್ತಿಲ್ಲ. ನಿದ್ದೆಯನ್ನ ಮಧ್ಯಾಹ್ನದ ಜುಹರ್ ನಮಾಜು ಆದಮೇಲೆ ಸ್ವಲ್ಪ ತುಂಬಿಸಿಕೋ.

ಸಂಘದ ಅಧ್ಯಕ್ಷನಿಗೆ ಹೇಳಲು ಮುಜುಗರ ಆಗುತ್ತೆ ಅಂತ ಗೊತ್ತು. ನೆಪ ಹೇಳಬೇಡ, ಊರಿಗೆ ಹೋಗಬೇಕು, ಆರಾಮಿಲ್ಲ ಅಂತೆಲ್ಲ ಬೇಡ. "ಗಣಿತದಲ್ಲಿ 7 ಬಂದಿದೆ, ಎರಡನೇ ಟೆಸ್ಟ್ ಆಗುವವರೆಗೆ ನಾನು ಸ್ಕಾಲರ್‌ಶಿಪ್ ಕೆಲಸ ಮಾತ್ರ ಮಾಡ್ತೀನಿ" ಅಂತ ನೇರ ಹೇಳು. ಅವನೂ ಓದುವ ಹುಡುಗನೇ ಅಲ್ವಾ, ಅರ್ಥವಾಗುತ್ತೆ. ಯಾರಿಗೆ ಗೊತ್ತು, ಅವನಿಗೂ ಯಾವುದೋ ಪೇಪರ್ ಉಳಿದಿರಬಹುದು, ಹೇಳಿಕೊಳ್ಳಲು ಜನ ಇಲ್ಲದೆ ಸುಮ್ನಿರಬಹುದು. ಜೂನಿಯರ್ ಹುಡುಗಿಯರ ತಂದೆ ತಾಯಿ ಸಂಘಕ್ಕೆ ಕಳಿಸುವ ಮೊದಲು ಒಂದೇ ಕೇಳ್ತಾರೆ, ಅಲ್ಲಿರುವ ಹುಡುಗರು ಹುಡುಗಿಯರು ಚೆನ್ನಾಗಿ ಓದ್ತಾರಾ ಅಂತ. ಅದಕ್ಕೆ ನೀವು ಹೂಂ ಅನ್ನುವ ಹಾಗಿರಬೇಕು.

ಅಕ್ಕ ಶೇಂಗಾ ಹೋಳಿಗೆ ಮಾಡಿದ್ದಾಳೆ. ಶನಿವಾರ ನಮ್ಮ ಓಣಿಯ ಹುಡುಗ ಬೆಳಗಾವಿ ಬಸ್ಸಿಗೆ ಬರ್ತಾನೆ, ಅವನ ಕೈಯಲ್ಲಿ ಕೊಟ್ಟು ಕಳಿಸ್ತೀವಿ, ಸ್ಟ್ಯಾಂಡಿಗೆ ಹೋಗಿ ತಗೋ. ಅದರ ಜೊತೆ ಒಂದು ಹೊಸ ನೋಟ್‌ಬುಕ್ ಇಟ್ಟಿದ್ದೇನೆ. ಮೊದಲ ಪುಟದಲ್ಲಿ ನೀನು ಅರ್ಧಕ್ಕೆ ಬಿಟ್ಟ ಅದೇ ಲೆಕ್ಕವನ್ನ an ತನಕ ನಾನು ಮಾಡಿದ್ದೇನೆ, bn ನಿನಗೆ ಬಿಟ್ಟಿದ್ದೇನೆ. ಭಾನುವಾರ ಫಜರ್ ಆದಮೇಲೆ ವಿಡಿಯೊ ಕಾಲ್ ಮಾಡು, ಎಲ್ಲಿ ನಿಂತಿದ್ದೀಯ ತೋರಿಸು, ಕೂತು ಬಿಡಿಸೋಣ.

ನಿನ್ನ
ಮಾಮಾ