ಗುಂಡಿ ಒತ್ತಿದರೆ ಬರುವ ಸಂಗೀತವಲ್ಲ

ಮಾನ್ಯ ಸಂಪಾದಕರೇ,

ವಿದ್ಯುನ್ಮಾನ ಸಂಗೀತವನ್ನು ಕುರಿತು ನಿಮ್ಮ ಭಾನುವಾರದ ಪುರವಣಿಯಲ್ಲಿ ಬಂದ ಲೇಖನವನ್ನು ಆಸಕ್ತಿಯಿಂದ ಓದಿದೆ. ಗುಂಡಿ ಒತ್ತಿದರೆ ತಾನೇ ನುಡಿಯುವ ಈ ಸಂಗೀತದಲ್ಲಿ ಕಲಾವಿದನ ಶ್ರಮಕ್ಕೆ ಜಾಗವಿಲ್ಲ ಎಂಬ ಮಾತನ್ನು ಮಾತ್ರ, ಜರ್ಮನಿಯ ಆರಂಭಕಾಲದ ಕೃತಿಗಳನ್ನು ಬಹಳ ವರ್ಷಗಳಿಂದ ಕೇಳುತ್ತ ಬಂದಿರುವ ನನಗೆ ಒಪ್ಪಲಾಗಲಿಲ್ಲ.

ಕಲೋನ್ ನಗರದ ಬಾನುಲಿ ಕೇಂದ್ರದಲ್ಲಿ 1951ರಲ್ಲಿ ರೂಪುಗೊಂಡ ಸ್ಟುಡಿಯೊದಲ್ಲಿ ಜರ್ಮನ್ ಸಂಗೀತ ರಚನಕಾರ ಸ್ಟಾಕ್‌ಹೌಸನ್ ಕೆಲಸ ಮಾಡುತ್ತಿದ್ದಾಗ, ನಾದಗಳನ್ನು ಟೇಪಿಗೆ ಇಳಿಸಿಕೊಂಡು, ಆ ಟೇಪನ್ನು ಅಳೆದು, ತುಂಡರಿಸಿ, ಅಂಟಿಸಿ ಕೃತಿಯನ್ನು ಕಟ್ಟಬೇಕಾಗಿತ್ತು. 1956ರಲ್ಲಿ ಮೊದಲ ಬಾರಿಗೆ ಕೇಳಿಸಿದ ಅವರ ‘ಗೆಸಾಂಗ್ ಡೆರ್ ಯೂಂಗ್ಲಿಂಗೆ’, ಉರಿಯುವ ಕುಲುಮೆಗೆ ಎಸೆಯಲ್ಪಟ್ಟ ಮೂವರು ತರುಣರು ದೇವರನ್ನು ಸ್ತುತಿಸುವ ಬೈಬಲ್ ಪ್ರಸಂಗವನ್ನು ಆಧರಿಸಿದ್ದು. ಅದರಲ್ಲಿ ಹಾಡುವ ಬಾಲಕನ ದನಿ ಎಲ್ಲಿ ಮುಗಿಯಿತು, ಯಂತ್ರದ ನಾದ ಎಲ್ಲಿ ಮೊದಲಾಯಿತು ಎಂದು ಎಷ್ಟು ಕಿವಿಗೊಟ್ಟರೂ ಗೆರೆ ಎಳೆಯಲಾಗುವುದಿಲ್ಲ.

ನನಗೆ ಇನ್ನೂ ಹತ್ತಿರವಾದವರು ಬರ್ಲಿನ್ನಿನವರು. ಡ್ರಮ್ಸ್ ನುಡಿಸುವುದನ್ನು ಬಿಟ್ಟು ಒಬ್ಬರೇ ಕುಳಿತು ಕ್ಲೌಸ್ ಶುಲ್ಜೆ 1972ರಲ್ಲಿ ಹೊರತಂದ ‘ಇರ್ಲಿಖ್ಟ್’ ಆಲ್ಬಮ್ಮಿನಲ್ಲಿ, ನಾದವನ್ನು ಬೇಕಾದಂತೆ ರೂಪಿಸುವ ವಿದ್ಯುನ್ಮಾನ ವಾದ್ಯವಾದ ಸಿಂಥಸೈಜರೇ ಇಲ್ಲ. ತಾವೇ ಬಿಚ್ಚಿ ಮಾರ್ಪಡಿಸಿಕೊಂಡ ಒಂದು ವಿದ್ಯುತ್ ಆರ್ಗನ್, ಹಿಂದುಮುಂದಾಗಿ ಓಡಿಸಿದ ವಾದ್ಯವೃಂದದ ಒಂದು ಟೇಪು, ಇಷ್ಟರಲ್ಲೇ ಅವರು ಇಪ್ಪತ್ತು ನಿಮಿಷಕ್ಕೂ ಮೀರಿದ ಮೊದಲ ಭಾಗವನ್ನು ಕಟ್ಟಿದ್ದಾರೆ. ಒಂದೇ ಆಧಾರ ನಾದ ಎಡೆಬಿಡದೆ ಹರಿಯುತ್ತಿರುವಾಗ ಅದರ ಮೇಲೆ ಆರ್ಗನ್ನಿನ ಸ್ವರಗಳು ಮಂಜಿನಂತೆ ನಿಧಾನವಾಗಿ ಕವಿಯುತ್ತವೆ. ತಂಬೂರಿಯ ಶ್ರುತಿ ಕೇಳಿ ಬೆಳೆದ ನಮ್ಮ ಕಿವಿಗೆ ಇದು ಅಪರಿಚಿತವೆನಿಸುವುದಿಲ್ಲ. ತಾಳವಿಲ್ಲವಲ್ಲ ಎಂಬ ಚಡಪಡಿಕೆಯೂ ಐದು ನಿಮಿಷದಲ್ಲಿ ಇಳಿಯುತ್ತದೆ.

ಸಿಂಥಸೈಜರ್ ಕೈಗೆ ಬಂದ ಮೇಲೂ ಕೆಲಸ ಹಗುರವಾಗಲಿಲ್ಲ. ಟ್ಯಾಂಜರೀನ್ ಡ್ರೀಮ್ ತಂಡ 1974ರಲ್ಲಿ ಹೊರತಂದ ‘ಫೀಡ್ರಾ’ಕ್ಕೆ ಬಳಸಿದ ಮೂಗ್ ಎಂಬ ಸಿಂಥಸೈಜರ್ ಯಂತ್ರ ಬಿಸಿಯೇರಿದಂತೆ ಶ್ರುತಿ ಜಾರುತ್ತಿತ್ತು, ಅದನ್ನು ಹದಕ್ಕೆ ತರುವುದರಲ್ಲೇ ಗಂಟೆಗಟ್ಟಲೆ ಕಳೆಯುತ್ತಿತ್ತು. ಶೀರ್ಷಿಕೆಯ ಕೃತಿಯಲ್ಲಿ ಮಂದ್ರದ ಮಿಡಿತ ಹಾಗೆ ಜಾರುವುದು ಸ್ಪಷ್ಟವಾಗಿಯೇ ಕೇಳಿಸುತ್ತದೆ. ಅದನ್ನು ಅಳಿಸದೆ ಉಳಿಸಿಕೊಂಡದ್ದು ಕಲಾವಿದರ ಕಿವಿ ಮಾಡಿದ ತೀರ್ಮಾನ, ಯಂತ್ರದ್ದಲ್ಲ. ಜರ್ಮನಿಯಲ್ಲಿ ಮೂಗ್ ಯಂತ್ರವನ್ನು ಮೊದಮೊದಲು ಬಳಸಿದವರಲ್ಲಿ ಒಬ್ಬರಾದ ಪೊಪೊಲ್ ವೂಹ್ ತಂಡದ ಫ್ಲೋರಿಯಾನ್ ಫ್ರಿಕೆಯಂತೂ ಕೆಲವೇ ವರ್ಷಗಳಲ್ಲಿ ಅದನ್ನು ಬದಿಗಿಟ್ಟು ಪಿಯಾನೊಗೆ ಮರಳಿದರು.

ಲೇಖನಮಾಲೆಯ ಮುಂದಿನ ಕಂತಿನಲ್ಲಿ ಈ ಕೃತಿಗಳ ಪರಿಚಯಕ್ಕೂ ಒಂದಿಷ್ಟು ಜಾಗ ಕೊಡಬೇಕೆಂದು ಕೋರುತ್ತೇನೆ. ಹೊಸದಾಗಿ ಕೇಳುವವರು ‘ಇರ್ಲಿಖ್ಟ್’ನಿಂದಲೇ ಆರಂಭಿಸಲಿ. ಬೇರೆ ಕೆಲಸದ ಹಿನ್ನೆಲೆಗೆ ಅದನ್ನು ಹಾಕಿಕೊಳ್ಳದೆ, ರಾತ್ರಿ ಮನೆ ಸದ್ದಡಗಿದ ಮೇಲೆ, ಮೊದಲ ಭಾಗವನ್ನು ನಡುವೆ ನಿಲ್ಲಿಸದೆ ಪೂರ್ತಿ ಕೇಳಲಿ.

ಇತಿ,
ನಿಮ್ಮ ಓದುಗ,
ಮೈಸೂರು