ಲಿಪಿಕಾರನ ತಾಳ್ಮೆ

ಮಾನ್ಯ ಸಂಪಾದಕರೇ,

ಬಿಬಿಸಿ 1968ರಲ್ಲಿ ಪ್ರಸಾರ ಮಾಡಿದ, ಕೆನ್ ರಸೆಲ್ ನಿರ್ದೇಶನದ ಕಪ್ಪು-ಬಿಳುಪು ಚಿತ್ರ ‘ಸಾಂಗ್ ಆಫ್ ಸಮ್ಮರ್’ ನೋಡಿ ಈ ಪತ್ರ ಬರೆಯುತ್ತಿದ್ದೇನೆ. ದೃಷ್ಟಿಯನ್ನೂ ಕೈಕಾಲುಗಳ ಸ್ವಾಧೀನವನ್ನೂ ಕಳೆದುಕೊಂಡು ಫ್ರಾನ್ಸಿನ ಹಳ್ಳಿಯೊಂದರಲ್ಲಿದ್ದ ಇಂಗ್ಲಿಷ್ ಸಂಗೀತ ಸಂಯೋಜಕ ಫ್ರೆಡರಿಕ್ ಡೀಲಿಯಸ್ ಅವರ ಬಳಿಗೆ 1928ರಲ್ಲಿ ತಾನಾಗಿಯೇ ಹೋದ ಯಾರ್ಕ್‌ಷೈರಿನ ತರುಣ ಎರಿಕ್ ಫೆನ್ಬಿ, ಅವರು ಬಾಯಲ್ಲಿ ಹೇಳಿದ ಸ್ವರಗಳನ್ನು ಬರೆದುಕೊಂಡು ಕೃತಿಗಳನ್ನು ಪೂರ್ಣಗೊಳಿಸಿದ ಕಥೆ ಇದು. ಆರಂಭದಲ್ಲಿ ಆ ಹಿರಿಯರ ಸ್ವರವಿಲ್ಲದ ಗುನುಗನ್ನು ಹಿಡಿಯಲಾಗದೆ ತರುಣ ಕಂಗೆಡುವ ದೃಶ್ಯ ನನ್ನನ್ನು ಇನ್ನೂ ಬಿಟ್ಟಿಲ್ಲ. ಫೆನ್ಬಿಯವರ ನೆನಪುಗಳನ್ನೇ ಆಧರಿಸಿದ ಚಿತ್ರವಾದರೂ ಡೀಲಿಯಸ್ ಅವರ ಕಠೋರ ಸ್ವಭಾವವನ್ನು ಮುಚ್ಚಿಟ್ಟಿಲ್ಲ. ಅದೇ ಇದರ ದೊಡ್ಡತನ. ನಮ್ಮ ಚಿತ್ರಸಮಾಜಗಳು ಇದನ್ನು ಕನ್ನಡ ಅಡಿಬರಹಗಳೊಂದಿಗೆ ಪ್ರದರ್ಶಿಸಬೇಕೆಂದು ಕೋರುತ್ತೇನೆ.

– ಸಂಗೀತಾಸಕ್ತ ಓದುಗ, ಧಾರವಾಡ