ಆ 500 ರೂಪಾಯಿ ದಂಡ ಆಗಲಿಲ್ಲ

ಸ್ಟುಟ್‌ಗಾರ್ಟ್, ಭಾನುವಾರ ರಾತ್ರಿ

ಪ್ರೀತಿಯ ಅಪ್ಪ, ಅಮ್ಮ,

ಎಲ್ಲರೂ ಚೆನ್ನಾಗಿದ್ದೀರಿ ಅಲ್ವಾ? ಇವರ ಆಪರೇಷನ್ ಹೊಲಿಗೆ ಒಣಗಿದೆ, ಈಗ ಮೆಟ್ಟಿಲು ಹತ್ತಿ ಇಳಿಯುತ್ತಾರೆ. ಚಿಂತೆ ಬೇಡ.

ಮೊನ್ನೆ ಫೋನಿನಲ್ಲಿ ತಮ್ಮ ಹೇಳಿದ ಮಾತು ತಲೆಯಿಂದ ಹೋಗುತ್ತಿಲ್ಲ. "ಹೋದ ವರ್ಷ ಸಹಕಾರ ಸಂಘದ ಯಶಸ್ವಿನಿ ಆರೋಗ್ಯ ಯೋಜನೆಗೆ 500 ರೂಪಾಯಿ ಕಟ್ಟಿದೆವು, ಯಾರಿಗೂ ಏನೂ ಆಗಲಿಲ್ಲ, ದುಡ್ಡು ದಂಡ, ಈ ಸಲ ಬೇಡ" ಅಂದ. ಜಗಳ ಆದೀತು ಅಂತ ಆಗ ಸುಮ್ನಿದ್ದೆ. ಅದಕ್ಕೇ ಈಗ ಬರೆಯುತ್ತಿದ್ದೇನೆ.

ಇಲ್ಲಿ ಪ್ರತಿ ತಿಂಗಳು ನನ್ನ ಸಂಬಳದಲ್ಲಿ ಸುಮಾರು 300 ಯೂರೋ ಆರೋಗ್ಯ ವಿಮೆಗೇ ಮುರಿದುಕೊಳ್ಳುತ್ತಾರೆ. ಕಂಪನಿಯವರೂ ಅಷ್ಟೇ ಹಾಕಬೇಕು. ಮೊದಲ ವರ್ಷ ನನಗೂ ಹೊಟ್ಟೆ ಉರಿಯುತ್ತಿತ್ತು, ಒಂದು ಜ್ವರವೂ ಬಂದಿರಲಿಲ್ಲ. ಆಮೇಲೆ ಕೆಳಗಿನ ಮನೆಯ ಅಜ್ಜಿಯ ಪರಿಚಯ ಆಯಿತು. ವಾರಕ್ಕೆ ಮೂರು ಸಲ ಡಯಾಲಿಸಿಸ್, ಹೋಗಿಬರುವ ಟ್ಯಾಕ್ಸಿಯ ಬಾಡಿಗೆಯೂ ಹೆಚ್ಚುಪಾಲು ವಿಮೆಯದ್ದೇ. ಆ ದುಡ್ಡು ಎಲ್ಲಿಂದ ಬರುತ್ತದೆ? ನನ್ನಂಥ ಗಟ್ಟಿಮುಟ್ಟಾಗಿರುವವರಿಂದ. ಇಲ್ಲಿ ಕಾಯಿಲೆ ನೋಡಿ ಕಂತು ಹೇಳುವುದಿಲ್ಲ, ಸಂಬಳ ನೋಡಿ ಹೇಳುತ್ತಾರೆ. ಮಕ್ಕಳಿಗೆ, ದುಡಿಮೆ ಇಲ್ಲದ ಗಂಡನಿಗೋ ಹೆಂಡತಿಗೋ ಬೇರೆ ಕಂತೇ ಇಲ್ಲ. ಇವರಿಗೆ ಇನ್ನೂ ಕೆಲಸ ಸಿಕ್ಕಿಲ್ಲ, ಗೊತ್ತಲ್ಲ, ಆದರೂ ಅಪೆಂಡಿಕ್ಸ್ ಆಪರೇಷನ್ ಆಗಿ ನಾಲ್ಕು ದಿನ ಆಸ್ಪತ್ರೆಯಲ್ಲಿದ್ದಾಗ ನಾವು ಕೊಟ್ಟಿದ್ದು ದಿನಕ್ಕೆ 10 ಯೂರೋ ಲೆಕ್ಕದಲ್ಲಿ 40 ಯೂರೋ, ಅಷ್ಟೇ. ಬಿಲ್ ನೋಡಿ ನನಗೆ ಅಳು ಬಂತು, ಚಿಕ್ಕಪ್ಪ ನೆನಪಾದರು.

ಚಿಕ್ಕಪ್ಪನೂ ತಮ್ಮನ ಹಾಗೇ ಮೂರು ವರ್ಷ ಕಟ್ಟಿ, ಏನೂ ಆಗಲಿಲ್ಲ ಅಂತ ಬಿಟ್ಟವರು. ಬಿಟ್ಟ ವರ್ಷವೇ ಪಿತ್ತಕೋಶದ ಆಪರೇಷನ್. ಚಿಕ್ಕಮ್ಮನ ಸರ ಅಡವಿಟ್ಟಿದ್ದು ಇವತ್ತಿಗೂ ಬಿಡಿಸಿಲ್ಲ.

ಇಲ್ಲಿ ಜರ್ಮನಿಯಲ್ಲಿ ಆರೋಗ್ಯ ವಿಮೆಗೆ ಕಾನೂನು ಬಂದದ್ದು 1883ರಲ್ಲಿ. ಅದಕ್ಕೂ ಎಷ್ಟೋ ಹಿಂದೆ ಗಣಿ ಕೆಲಸದವರು ಒಂದು ಡಬ್ಬಿಗೆ ಕಾಸು ಹಾಕುತ್ತಿದ್ದರಂತೆ, ಯಾರಿಗೆ ಪೆಟ್ಟಾದರೂ ಅದರಿಂದಲೇ ಖರ್ಚು. ನಮ್ಮ ಚೀಟಿ ಥರ ಅಲ್ಲ ಇದು. ಚೀಟಿಯಲ್ಲಿ ನಿಮ್ಮ ಸರದಿ ಬಂದೇ ಬರುತ್ತದೆ, ಇದರಲ್ಲಿ ಬಾರದೇ ಇರಲಿ ಅಂತಲೇ ಎಲ್ಲರೂ ಬೇಡಿಕೊಳ್ಳುವುದು. ಇಲ್ಲೂ ಒಂದು ತಪ್ಪಿದೆ, ಜಾಸ್ತಿ ಸಂಬಳದವರು ಬೇಕಾದರೆ ಇದನ್ನು ಬಿಟ್ಟು ಖಾಸಗಿ ವಿಮೆಗೆ ಹೋಗಬಹುದು. ನನಗೆ ಅದು ಸರಿ ಕಾಣುವುದಿಲ್ಲ. ಗಟ್ಟಿ ಇರುವವರೇ ಎದ್ದು ಹೋದರೆ ಉಳಿದವರ ಕಂತು ಏರದೆ ಇರುತ್ತದಾ?

ನಮ್ಮಲ್ಲೂ ಹಾಗೇ ಆಗಿದೆ. ಡಾ. ದೇವಿ ಶೆಟ್ಟಿ ಅವರ ಯೋಚನೆಯಿಂದ ಹುಟ್ಟಿದ ಯಶಸ್ವಿನಿ 2003ರಲ್ಲಿ ಶುರುವಾದಾಗ ತಲೆಗೆ ವರ್ಷಕ್ಕೆ 60 ರೂಪಾಯಿ, ಅಂದರೆ ತಿಂಗಳಿಗೆ 5 ರೂಪಾಯಿ. ಸಹಕಾರ ಸಂಘಗಳ ಸುಮಾರು 16 ಲಕ್ಷ ಜನ ಸೇರಿದ್ದರು. ಅಷ್ಟು ಜನ ಇದ್ದದ್ದಕ್ಕೇ ಅಷ್ಟು ಕಡಿಮೆಗೆ ಆಗಿದ್ದು. ಕಂತು 120 ಆದಾಗ ಎಷ್ಟೋ ಜನ ಬಿಟ್ಟರು. 2018ರಲ್ಲಿ ಯೋಜನೆಯೇ ನಿಂತಿತ್ತು, 2022ರಲ್ಲಿ ಮತ್ತೆ ಬಂತು. ಸರ್ಕಾರದ ದುಡ್ಡೂ ಸೇರುತ್ತದೆ ನಿಜ, ಆದರೆ ಸಂಘದವರೇ ಬೇಡ ಅಂದರೆ ಅದು ಎಷ್ಟು ದಿನ ನಡೆದೀತು?

ತಮ್ಮನಿಗೆ ಹೇಳಿ, ಹೋದ ವರ್ಷದ 500 ಎಲ್ಲೂ ಹೋಗಿಲ್ಲ. ಯಾವುದೋ ಊರಿನ ಡೈರಿಗೆ ಹಾಲು ಹಾಕುವ ಯಾರದೋ ಆಪರೇಷನ್‌ಗೆ ಹೋಗಿದೆ. ಅವರ ಮನೆಯ ಸರ ಅವರ ಕೊರಳಲ್ಲೇ ಇದೆ.

ಎಲ್ಲಾ ಕಾಯಿಲೆಗೂ ಸಿಗುವುದಿಲ್ಲ, ಪಟ್ಟಿಯಲ್ಲಿರುವ ಚಿಕಿತ್ಸೆಗೆ, ಪಟ್ಟಿಯಲ್ಲಿರುವ ಆಸ್ಪತ್ರೆಯಲ್ಲಿ ಮಾತ್ರ. ಅದಕ್ಕೇ ಹತ್ತಿರದ ಆಸ್ಪತ್ರೆ ಯಾವುದು ಅಂತ ಈಗಲೇ ಕೇಳಿ ಬರೆದಿಟ್ಟುಕೊಳ್ಳಿ. ನಾಲ್ಕು ಜನಕ್ಕೆ 500, ಆಮೇಲೆ ತಲೆಗೆ 100. ತಮ್ಮನ ಹೆಂಡತಿಯ ಹೆಸರು ಈ ಸಲ ಸೇರಿಸಿ, ಅಜ್ಜಿಯನ್ನೂ ಬಿಡಬೇಡಿ. ಐದು ಜನಕ್ಕೆ ಒಟ್ಟು 600. ವರ್ಷಪೂರ್ತಿ ಹೆಸರು ಬರೆದುಕೊಳ್ಳುವುದಿಲ್ಲ ಅಪ್ಪ, ಕೊನೆಯ ದಿನ ಯಾವುದು ಅಂತ ನಾಳೆ ಬೆಳಿಗ್ಗೆ ಹಾಲು ಹಾಕಲು ಹೋದಾಗ ಸಂಘದ ಕಾರ್ಯದರ್ಶಿಯನ್ನು ಕೇಳಿ. ಚಿಕ್ಕಪ್ಪನನ್ನೂ ಜೊತೆಗೆ ಕರೆದುಕೊಂಡು ಹೋಗಿ. ಕಟ್ಟಿದ ರಸೀದಿಯ ಫೋಟೋ ಕಳಿಸಿ, ಕಾಯುತ್ತಿರುತ್ತೇನೆ.

ನಿಮ್ಮ ಮಗಳು